ಹಾರ್ಡ್ ಡಿಸ್ಕ್‌ನಲ್ಲಿ ಇನ್ನೂ ಎಷ್ಟು ತುಂಬಬಹುದು? ಪದೇ ಪದೇ ಕೇಳುವ ಪ್ರಶ್ನೆಗಳು

2007ರಲ್ಲಿ ಹಿಟಾಚಿ 1 ಟಿಬಿ (ಟೆರಾಬೈಟ್, ಅಂದರೆ ಸಾವಿರ ಜಿಬಿ) ಹಾರ್ಡ್ ಡಿಸ್ಕ್ ತಂದಾಗ ಅದು ದೊಡ್ಡ ಸುದ್ದಿಯಾಗಿತ್ತು. 2025ರ ಜನವರಿಯಲ್ಲಿ ಸೀಗೇಟ್ 36 ಟಿಬಿ ಡಿಸ್ಕ್ ಪ್ರಕಟಿಸಿತು. ಹೊರಗಿನ ಪೆಟ್ಟಿಗೆ ಮಾತ್ರ ಹಾಗೇ ಇದೆ. ಅದೇ ಮೂರೂವರೆ ಇಂಚಿನ ಡಿಸ್ಕ್, ಅದೇ 26.1 ಮಿಲಿಮೀಟರ್ ದಪ್ಪ. ಒಳಗೆ ಏನಾಯಿತು ಅನ್ನುವುದೇ ಈ ಪುಟದ ವಿಷಯ. ಜಾಗ ಹೆಚ್ಚಿಸುವ ಒಂದೊಂದು ತಂತ್ರವೂ ಬೇರೆ ಕಡೆ ಏನನ್ನೋ ಬಿಟ್ಟುಕೊಡುತ್ತದೆ. ಡಬ್ಬಿಯ ಮೇಲೆ ಟಿಬಿ ದೊಡ್ಡದಾಗಿ ಅಚ್ಚಾಗಿರುತ್ತದೆ, ಬಿಟ್ಟುಕೊಟ್ಟದ್ದು ಏನು ಅಂತ ಬರೆದಿರುವುದಿಲ್ಲ. ಅದನ್ನೂ ಇಲ್ಲಿ ಹೇಳುತ್ತೇನೆ.

ಎಸ್‌ಎಸ್‌ಡಿ ಬಂದ ಮೇಲೂ ಹಾರ್ಡ್ ಡಿಸ್ಕ್ ಯಾಕೆ ಬೇಕು?

ಲ್ಯಾಪ್‌ಟಾಪ್‌ಗೆ ಬೇಡ. ಅಲ್ಲಿ ಎಸ್‌ಎಸ್‌ಡಿಯೇ (ತಿರುಗುವ ತಟ್ಟೆ ಇಲ್ಲದೆ ಚಿಪ್‌ಗಳಲ್ಲಿ ಡೇಟಾ ಇಡುವ ಸಾಧನ) ಸರಿ, ಅದರಲ್ಲಿ ಚರ್ಚೆ ಇಲ್ಲ. ಆದರೆ ನೀವು ಫೋನಿನಿಂದ ಕ್ಲೌಡ್‌ಗೆ ಕಳಿಸುವ ಫೋಟೊ, ನೋಡುವ ವಿಡಿಯೊ, ಹಳೆಯ ಮೇಲ್ ಇವೆಲ್ಲ ಕೊನೆಗೆ ಹೋಗಿ ಕೂರುವುದು ಬಹುಪಾಲು ಹಾರ್ಡ್ ಡಿಸ್ಕ್‌ಗಳ ಮೇಲೆ. ಕಾರಣ ಒಂದೇ, ದುಡ್ಡು. ಒಂದು ಟಿಬಿಗೆ ಎಷ್ಟು ಬೀಳುತ್ತದೆ ಅಂತ ಲೆಕ್ಕ ಹಾಕಿದರೆ, ಡೇಟಾ ಸೆಂಟರ್‌ಗೆ ಕೊಳ್ಳುವ ಎಸ್‌ಎಸ್‌ಡಿ ಹಾರ್ಡ್ ಡಿಸ್ಕ್‌ಗಿಂತ ಹಲವು ಪಟ್ಟು ದುಬಾರಿ. ಸಾವಿರಾರು ಡಿಸ್ಕ್ ಕೊಳ್ಳುವವರಿಗೆ ಆ ವ್ಯತ್ಯಾಸ ಸಣ್ಣದಲ್ಲ.

ಜಾಗದಲ್ಲಿ ಎಸ್‌ಎಸ್‌ಡಿ ಈಗ ಮುಂದಿದೆ ಅನ್ನುವುದೂ ನಿಜ. 2024ರ ನವೆಂಬರ್‌ನಲ್ಲಿ ಸಾಲಿಡೈಮ್ ಕಂಪನಿ 122 ಟಿಬಿ ದಾಟಿದ ಎಸ್‌ಎಸ್‌ಡಿ ತೋರಿಸಿತು. ಆದ್ದರಿಂದ 'ಹೆಚ್ಚು ಜಾಗ ಬೇಕಾದರೆ ಹಾರ್ಡ್ ಡಿಸ್ಕ್' ಅನ್ನುವ ಹಳೆಯ ಮಾತು ಈಗ ಸರಿ ಹೋಗುವುದಿಲ್ಲ. 'ಕಡಿಮೆ ದುಡ್ಡಿಗೆ ಹೆಚ್ಚು ಜಾಗ ಬೇಕಾದರೆ' ಅನ್ನಬೇಕು. ಆ ಪಟ್ಟ ಉಳಿಸಿಕೊಳ್ಳಬೇಕಾದರೆ ಹಾರ್ಡ್ ಡಿಸ್ಕ್ ಬೆಳೆಯುತ್ತಲೇ ಇರಬೇಕು. ಈ ಕ್ಷೇತ್ರದಲ್ಲಿ ಉಳಿದಿರುವುದು ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಷಿಬಾ ಮೂರೇ ಕಂಪನಿ. ಮೂರೂ ಇದಕ್ಕಾಗಿಯೇ ಹೆಣಗುತ್ತಿವೆ.

ಡಿಸ್ಕ್ ಒಳಗೆ ಡೇಟಾ ಎಲ್ಲಿ ಇರುತ್ತದೆ?

ಅಲ್ಯೂಮಿನಿಯಂ ಅಥವಾ ಗಾಜಿನ ತೆಳು ತಟ್ಟೆಗಳ ಮೇಲೆ. ತಟ್ಟೆಯ ಎರಡೂ ಬದಿಗೆ ಕಾಂತಗುಣದ ಲೇಪ ಇರುತ್ತದೆ. ಆ ಲೇಪ ಕೆಲವೇ ನ್ಯಾನೊಮೀಟರ್ (ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗ) ಅಗಲದ ಸಣ್ಣ ಕಣಗಳಿಂದ ಆಗಿದೆ. ಕಣಗಳ ಒಂದು ಗುಂಪು ಸೇರಿ ಒಂದು ಬಿಟ್. ಗುಂಪಿನ ಕಾಂತತೆ ಯಾವ ದಿಕ್ಕಿಗೆ ತಿರುಗಿದೆ ಅನ್ನುವುದರ ಮೇಲೆ ಅದು ಸೊನ್ನೆಯೋ ಒಂದೋ ಅನ್ನುವುದು ತೀರ್ಮಾನವಾಗುತ್ತದೆ.

ತಟ್ಟೆ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ. ಅಂಚಿನಲ್ಲಿ ಲೆಕ್ಕ ಹಾಕಿದರೆ ಗಂಟೆಗೆ 120 ಕಿಲೋಮೀಟರಿಗಿಂತ ಜಾಸ್ತಿ ವೇಗ. ಆ ವೇಗದಲ್ಲಿ ಓಡುವ ತಟ್ಟೆಯ ಮೇಲೆ ಓದುವ, ಬರೆಯುವ ಹೆಡ್ ತಾಗದಂತೆ ತೇಲುತ್ತದೆ. ನಡುವಿನ ಅಂತರ ಒಂದೆರಡು ನ್ಯಾನೊಮೀಟರ್ ಅಷ್ಟೇ. ಈ ಡಿಸ್ಕ್‌ಗಳನ್ನು ಯಾರಾದರೂ ಮೇಜಿನ ಮೇಲೆ ದಪ್ ಅಂತ ಇಟ್ಟರೆ ನನಗೆ ಎದೆ ಝಲ್ ಅನ್ನುತ್ತದೆ.

ಜಾಗ ಹೆಚ್ಚಿಸಲು ಎಷ್ಟು ದಾರಿ ಇದೆ?

ಎರಡೇ. ಒಂದು, ಪೆಟ್ಟಿಗೆಯೊಳಗೆ ಹೆಚ್ಚು ತಟ್ಟೆ ತುರುಕುವುದು. ಇನ್ನೊಂದು, ಒಂದೊಂದು ತಟ್ಟೆಯ ಮೇಲೂ ಹೆಚ್ಚು ಒತ್ತಾಗಿ ಬರೆಯುವುದು.

ಮೊದಲನೆಯದು ತುಂಬ ಹಳೆಯ ದಾರಿ. 1956ರಲ್ಲಿ ಐಬಿಎಂ ಹೊರತಂದ ಮೊದಲ ಹಾರ್ಡ್ ಡಿಸ್ಕ್ ರಮ್ಯಾಕ್‌ನಲ್ಲಿ 24 ಇಂಚು ಅಗಲದ 50 ತಟ್ಟೆಗಳಿದ್ದವು. ಅಷ್ಟರಲ್ಲಿ ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ. ಈಗಿನ ಫೋನಿನ ಒಂದು ಫೋಟೊಗೆ ಅದು ಸಾಲುತ್ತದೋ ಇಲ್ಲವೋ. ಅಲ್ಲಿ ಒಂದು ಚದರ ಇಂಚಿನಲ್ಲಿ ಸುಮಾರು 2000 ಬಿಟ್ ಕೂರುತ್ತಿತ್ತು. ಈಗ ಒಂದು ಲಕ್ಷ ಕೋಟಿ ದಾಟಿದೆ. 50 ಕೋಟಿ ಪಟ್ಟಿಗಿಂತ ಹೆಚ್ಚು! ಹಾಗಾಗಿ ನಿಜವಾದ ಕಥೆ ಇರುವುದು ಎರಡನೆಯ ದಾರಿಯಲ್ಲಿ. ಆದರೂ ಮೊದಲನೆಯದರಲ್ಲಿ ಕಳೆದ ಹತ್ತು ಹನ್ನೆರಡು ವರ್ಷದಲ್ಲಿ ಒಂದು ಒಳ್ಳೆಯ ಜಿಗಿತ ಆಯಿತು. ಅದೇ ಹೀಲಿಯಂ.

ಡಿಸ್ಕ್ ಒಳಗೆ ಹೀಲಿಯಂ ಯಾಕೆ ತುಂಬುತ್ತಾರೆ?

ಗಾಳಿಯ ಕಾಟ ತಪ್ಪಿಸಲು. ತಟ್ಟೆ ವೇಗವಾಗಿ ತಿರುಗಿದಾಗ ಒಳಗಿನ ಗಾಳಿಯೂ ಸುಳಿಸುಳಿಯಾಗಿ ಸುತ್ತುತ್ತದೆ. ತಟ್ಟೆ ತೆಳುವಾದಷ್ಟೂ ಆ ಸುಳಿಗೆ ಅದು ಅದುರುತ್ತದೆ, ಹೆಡ್ ಹಿಡಿದ ತೋಳೂ ಅದುರುತ್ತದೆ. ತಟ್ಟೆಯ ಮೇಲೆ ಬಿಟ್‌ಗಳು ಸಾಲಾಗಿ ಕೂರುವ ಸುತ್ತಿಗೆ ಟ್ರ್ಯಾಕ್ ಅನ್ನುತ್ತಾರೆ. ಟ್ರ್ಯಾಕ್ ಅಗಲ ಹತ್ತಾರು ನ್ಯಾನೊಮೀಟರ್ ಇರುವಾಗ ಅಷ್ಟು ಅದುರಿದರೆ ಹೆಡ್ ಪಕ್ಕದ ಟ್ರ್ಯಾಕ್‌ಗೆ ಹೋಗಿಬಿಡುತ್ತದೆ.

ಹೀಲಿಯಂ ಸಾಂದ್ರತೆ ಗಾಳಿಯ ಏಳನೇ ಒಂದು ಭಾಗ. ಸುಳಿ ಕಡಿಮೆ, ಅದುರು ಕಡಿಮೆ. ಆದ್ದರಿಂದ ತಟ್ಟೆಗಳನ್ನು ತೆಳು ಮಾಡಬಹುದು, ಹತ್ತಿರ ಹತ್ತಿರ ಜೋಡಿಸಬಹುದು. ಮೋಟಾರಿಗೂ ಶ್ರಮ ಕಡಿಮೆ, ಕರೆಂಟ್ ಉಳಿಯುತ್ತದೆ. 2013ರಲ್ಲಿ ವೆಸ್ಟರ್ನ್ ಡಿಜಿಟಲ್ ಒಡೆತನದ ಎಚ್‌ಜಿಎಸ್‌ಟಿ ಕಂಪನಿ ತಂದ 6 ಟಿಬಿ ಡಿಸ್ಕ್ ಈ ಬಗೆಯ ಮೊದಲನೆಯದು. ಅದರಲ್ಲಿ 7 ತಟ್ಟೆ ಇದ್ದವು. ಈಗ ದೊಡ್ಡ ಡಿಸ್ಕ್‌ಗಳಲ್ಲಿ 10 ತಟ್ಟೆ ಮಾಮೂಲು. 2024ರಲ್ಲಿ ವೆಸ್ಟರ್ನ್ ಡಿಜಿಟಲ್ 11 ತಟ್ಟೆಯ 32 ಟಿಬಿ ಡಿಸ್ಕ್ ತಂದಿತು. ತೋಷಿಬಾ 12 ತಟ್ಟೆಯ ಜೋಡಣೆಯನ್ನು 2025ರಲ್ಲಿ ಪರೀಕ್ಷಿಸಿ ತೋರಿಸಿದೆ.

ಹೀಲಿಯಂ ಸೋರಿಹೋದರೆ?

ಅದಕ್ಕೇ ಈ ಡಿಸ್ಕ್‌ಗಳ ಮುಚ್ಚಳವನ್ನು ಲೇಸರ್‌ನಿಂದ ಬೆಸೆದು ಮುಚ್ಚಿರುತ್ತಾರೆ. ಮಾಮೂಲಿ ಡಿಸ್ಕ್‌ನಲ್ಲಿರುವ ಸಣ್ಣ ಉಸಿರಾಟದ ತೂತು ಇವುಗಳಲ್ಲಿ ಇಲ್ಲ. ವೆಸ್ಟರ್ನ್ ಡಿಜಿಟಲ್, ಎಚ್‌ಜಿಎಸ್‌ಟಿ ಡಿಸ್ಕ್‌ಗಳಲ್ಲಿ ಹೀಲಿಯಂ ಮಟ್ಟವನ್ನು ಸ್ಮಾರ್ಟ್ ವರದಿಯ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ವರದಿ) 22ನೇ ಸಾಲಿನಲ್ಲಿ ನೋಡಬಹುದು. ಅದು 100 ಇರಬೇಕು. ಇಳಿಯುತ್ತಿದ್ದರೆ ಡೇಟಾ ತಕ್ಷಣ ಬೇರೆ ಕಡೆ ತೆಗೆದಿಡಿ.

ಬಿಟ್ಟುಕೊಟ್ಟದ್ದು ಏನು ಅಂದರೆ, ಕೆಟ್ಟಾಗ ಬಿಚ್ಚಿ ರಿಪೇರಿ ಮಾಡುವ ಸುಲಭ. ಮುಚ್ಚಳ ತೆಗೆದರೆ ಹೀಲಿಯಂ ಹೋಯಿತು. ಡೇಟಾ ರಿಕವರಿ ಮಾಡುವವರಿಗೆ ಇದು ಹಳೆಯ ಡಿಸ್ಕ್‌ಗಿಂತ ಕಷ್ಟದ ಕೆಲಸ, ಖರ್ಚೂ ಅದಕ್ಕೆ ತಕ್ಕ ಹಾಗೆ.

ಕಣಗಳನ್ನು ಸುಮ್ನೆ ಚಿಕ್ಕದು ಮಾಡುತ್ತಾ ಹೋದರೆ ಆಗಲ್ವಾ?

ಆಗುವುದಿಲ್ಲ. ಇಡೀ ವಿಷಯದ ಗಂಟು ಇರುವುದೇ ಇಲ್ಲಿ, ಇದೊಂದು ಅರ್ಥವಾದರೆ ಮುಂದಿನದೆಲ್ಲ ಸುಲಭ.

ಕಣ ತೀರ ಚಿಕ್ಕದಾದರೆ ಅದಕ್ಕೆ ತನ್ನ ದಿಕ್ಕನ್ನು ಹಿಡಿದಿಡುವ ಶಕ್ತಿ ಸಾಲದು. ಕೋಣೆಯ ಮಾಮೂಲಿ ಬಿಸಿಯೇ ಅದನ್ನು ತಿರುಗಿಸಿಬಿಡುತ್ತದೆ. ಬರೆದ ಬಿಟ್ ತಾನಾಗಿಯೇ ಅಳಿಸಿಹೋಗುತ್ತದೆ. ಇದಕ್ಕೆ ಸೂಪರ್‌ಪ್ಯಾರಾಮ್ಯಾಗ್ನೆಟಿಕ್ ಮಿತಿ ಅನ್ನುತ್ತಾರೆ.

ಸರಿ, ಹಾಗಾದರೆ ಹೆಚ್ಚು ಗಟ್ಟಿಯಾಗಿ ದಿಕ್ಕು ಹಿಡಿಯುವ ಲೋಹ ಬಳಸೋಣ ಅನ್ನಿ. ಆಗ ಚಿಕ್ಕ ಕಣವೂ ವರ್ಷಗಟ್ಟಲೆ ಹಾಗೇ ಉಳಿಯುತ್ತದೆ. ಆದರೆ ಅದರ ಮೇಲೆ ಬರೆಯುವುದು ಹೇಗೆ? ಬರೆಯುವುದು ಅಂದರೆ ದಿಕ್ಕು ಬದಲಿಸುವುದು ತಾನೇ. ಗಟ್ಟಿ ಲೋಹದ ದಿಕ್ಕು ಬದಲಿಸಲು ಬಲವಾದ ಕಾಂತಕ್ಷೇತ್ರ ಬೇಕು. ಬರೆಯುವ ಹೆಡ್ ಅತಿ ಚಿಕ್ಕದು. ಅದರಿಂದ ಬರುವ ಬಲಕ್ಕೆ ಒಂದು ಮಿತಿ ಇದೆ, ಆ ಮಿತಿಯನ್ನು ಈಗಾಗಲೇ ಮುಟ್ಟಿಯಾಗಿದೆ.

ಹೋಗಲಿ, ಕಣವನ್ನೇ ದೊಡ್ಡದಾಗಿ ಇಟ್ಟುಕೊಂಡು ಒಂದು ಬಿಟ್‌ಗೆ ಕಡಿಮೆ ಕಣ ಬಳಸಿದರೆ? ಆಗ ಬಿಟ್‌ಗಳ ಅಂಚು ಒರಟಾಗಿ, ಓದುವಾಗ ಸಂಕೇತದಲ್ಲಿ ಗದ್ದಲ ಜಾಸ್ತಿಯಾಗುತ್ತದೆ.

ಹೀಗೆ ಮೂರು ಕಡೆಯಿಂದ ಎಳೆತ. ಚಿಕ್ಕ ಕಣ ಬೇಕು, ಅದು ಉಳಿಯಬೇಕು, ಅದರ ಮೇಲೆ ಬರೆಯಲೂ ಆಗಬೇಕು. ಎರಡನ್ನು ಹಿಡಿದರೆ ಮೂರನೆಯದು ಕೈತಪ್ಪುತ್ತದೆ. ಹಾರ್ಡ್ ಡಿಸ್ಕ್ ಎಂಜಿನಿಯರ್‌ಗಳು ಇಪ್ಪತ್ತು ವರ್ಷದಿಂದ ಒದ್ದಾಡುತ್ತಿರುವುದು ಇದರ ಜೊತೆಗೇ.

ಈ ಮಿತಿ ಮೊದಲೂ ಅಡ್ಡ ಬಂದಿತ್ತಲ್ವಾ? ಆಗ ಏನು ಮಾಡಿದರು?

ಬಂದಿತ್ತು. 2000ದ ಸುಮಾರಿಗೆ ಬಿಟ್‌ಗಳು ತಟ್ಟೆಯ ಮೇಲೆ ಮಲಗಿದಂತೆ ಇರುತ್ತಿದ್ದವು. ಅವನ್ನು ನೆಟ್ಟಗೆ ನಿಲ್ಲಿಸಿದರು. ನಿಂತರೆ ಕಡಿಮೆ ಜಾಗದಲ್ಲಿ ಹೆಚ್ಚು ಕೂರುತ್ತವೆ, ಬರೆಯುವ ಕಾಂತಕ್ಷೇತ್ರವೂ ಹೆಚ್ಚು ಬಲವಾಗಿ ತಾಗುತ್ತದೆ. ಇದರ ಹಿಂದೆ ಇದ್ದವರು ಜಪಾನಿನ ತೊಹೊಕು ವಿಶ್ವವಿದ್ಯಾಲಯದ ಶುನ್‌ಇಚಿ ಇವಾಸಾಕಿ. ಅವರು 1970ರ ದಶಕದಲ್ಲೇ ಇದನ್ನು ಮುಂದಿಟ್ಟಿದ್ದರು. ಅಂಗಡಿಗೆ ಬಂದದ್ದು 2005ರಲ್ಲಿ, ತೋಷಿಬಾದ 1.8 ಇಂಚಿನ ಪುಟ್ಟ ಡಿಸ್ಕ್‌ನಲ್ಲಿ. ಹತ್ತಿರ ಹತ್ತಿರ ಮೂವತ್ತು ವರ್ಷ! ಈ ಕ್ಷೇತ್ರದಲ್ಲಿ ಪ್ರಯೋಗಾಲಯದ ಸುದ್ದಿಗೂ ಅಂಗಡಿಯ ಸರಕಿಗೂ ಇರುವ ದೂರ ಅಷ್ಟು. 'ಹೊಸ ತಂತ್ರಜ್ಞಾನ ಬಂತು' ಅನ್ನುವ ಸುದ್ದಿ ಓದುವಾಗ ಇದು ನೆನಪಿರಲಿ.

ಹ್ಯಾಮರ್ ಅಂದರೆ ಏನು?

ಹೀಟ್ ಅಸಿಸ್ಟೆಡ್ ಮ್ಯಾಗ್ನೆಟಿಕ್ ರೆಕಾರ್ಡಿಂಗ್. ಬಿಸಿ ಮಾಡಿ ಬರೆಯುವ ವಿಧಾನ. ಮೇಲೆ ಹೇಳಿದ ಮೂರು ಕಡೆಯ ಎಳೆತಕ್ಕೆ ಇದುವರೆಗೆ ಸಿಕ್ಕ ಅತಿ ಚೆಂದದ ಉತ್ತರ ಇದು ಅಂತ ನನ್ನ ಅನಿಸಿಕೆ.

ಯಾವುದೇ ಕಾಂತವನ್ನು ಬಿಸಿ ಮಾಡುತ್ತಾ ಹೋದರೆ ಒಂದು ಹಂತದಲ್ಲಿ ಅದರ ಹಿಡಿತ ಸಡಿಲವಾಗುತ್ತದೆ. ಹ್ಯಾಮರ್ ಇದನ್ನೇ ಬಳಸಿಕೊಳ್ಳುತ್ತದೆ. ತಟ್ಟೆಗೆ ಕಬ್ಬಿಣ ಮತ್ತು ಪ್ಲಾಟಿನಂ ಮಿಶ್ರಲೋಹದ ಲೇಪ ಹಾಕುತ್ತಾರೆ. ಇದು ತುಂಬ ಗಟ್ಟಿ ಆಸಾಮಿ. ಕಣ ತುಂಬ ಚಿಕ್ಕದಾದರೂ ತಣ್ಣಗಿರುವಾಗ ದಿಕ್ಕು ಬಿಡುವುದಿಲ್ಲ. ಬರೆಯುವ ಕ್ಷಣದಲ್ಲಿ ಮಾತ್ರ ಹೆಡ್‌ನಲ್ಲಿರುವ ಲೇಸರ್ ಆ ಒಂದು ಚುಕ್ಕೆಯನ್ನು 400 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಕ್ಕೆ ಕಾಯಿಸುತ್ತದೆ. ಹಿಡಿತ ಸಡಿಲವಾಗುತ್ತದೆ, ಹೆಡ್ ದಿಕ್ಕು ಬದಲಿಸುತ್ತದೆ, ಚುಕ್ಕೆ ತಣ್ಣಗಾಗಿ ಮತ್ತೆ ಗಟ್ಟಿಯಾಗುತ್ತದೆ. ಇಷ್ಟೆಲ್ಲ ಮುಗಿಯುವುದು ಒಂದೆರಡು ನ್ಯಾನೊಸೆಕೆಂಡ್‌ನಲ್ಲಿ.

ಇದರಲ್ಲೂ ಒಂದು ತೊಡಕಿದೆ. ಬೆಳಕನ್ನು ಲೆನ್ಸ್ ಇಟ್ಟು ಎಷ್ಟು ಬೇಕಾದರೂ ಚಿಕ್ಕ ಚುಕ್ಕೆಗೆ ಇಳಿಸಲು ಬರುವುದಿಲ್ಲ. ಅದರ ತರಂಗದ ಉದ್ದದ ಅರ್ಧದಷ್ಟಕ್ಕೆ ಅದು ನಿಲ್ಲುತ್ತದೆ. ಅಂದರೆ ನೂರಾರು ನ್ಯಾನೊಮೀಟರ್. ಕಾಯಿಸಬೇಕಾದ ಚುಕ್ಕೆ ಕೆಲವೇ ಹತ್ತು ನ್ಯಾನೊಮೀಟರ್. ಹಾಗಾಗಿ ಹೆಡ್‌ನ ತುದಿಯಲ್ಲಿ ಚಿನ್ನದಂಥ ಲೋಹದ ಅತಿ ಸಣ್ಣ ತುಣುಕು ಇಡುತ್ತಾರೆ. ಲೇಸರ್ ಬೆಳಕು ಅದರ ಮೈಮೇಲಿನ ಎಲೆಕ್ಟ್ರಾನ್‌ಗಳನ್ನು ಅಲುಗಿಸುತ್ತದೆ. ಆ ಶಕ್ತಿಯೆಲ್ಲ ತುಣುಕಿನ ಚೂಪು ತುದಿಯಲ್ಲಿ ಸೇರಿ ತಟ್ಟೆಗೆ ದಾಟುತ್ತದೆ. ಇದಕ್ಕೆ ನಿಯರ್ ಫೀಲ್ಡ್ ಟ್ರಾನ್ಸ್‌ಡ್ಯೂಸರ್ ಅನ್ನುತ್ತಾರೆ. ಹ್ಯಾಮರ್‌ನ ಜೀವ ಇರುವುದು ಈ ತುಣುಕಿನಲ್ಲಿ.

400 ಡಿಗ್ರಿ ಅಂದರೆ ಡಿಸ್ಕ್ ಸುಟ್ಟುಹೋಗಲ್ವಾ?

ಇಲ್ಲ. ಕಾಯುವುದು ಕಣ್ಣಿಗೆ ಕಾಣದಷ್ಟು ಸಣ್ಣ ಚುಕ್ಕೆ, ಅದೂ ಒಂದೆರಡು ನ್ಯಾನೊಸೆಕೆಂಡ್. ಶಾಖ ತಕ್ಷಣ ಕೆಳಗಿನ ಪದರಗಳಿಗೆ ಇಳಿದುಹೋಗುತ್ತದೆ. ಕೈಯಲ್ಲಿ ಮುಟ್ಟಿದರೆ ಮಾಮೂಲಿ ಡಿಸ್ಕ್‌ನಷ್ಟೇ ಬೆಚ್ಚಗಿರುತ್ತದೆ. ಓದುವಾಗ ಲೇಸರ್ ಉರಿಯುವುದೇ ಇಲ್ಲ.

ಹ್ಯಾಮರ್ ಬರುತ್ತದೆ ಅಂತ ಬಹಳ ವರ್ಷದಿಂದ ಕೇಳುತ್ತಿದ್ದೇವೆ. ಯಾಕಷ್ಟು ತಡ?

ಚದರ ಇಂಚಿಗೆ ಒಂದು ಲಕ್ಷ ಕೋಟಿ ಬಿಟ್ ಬರೆದು ಸೀಗೇಟ್ ತೋರಿಸಿದ್ದು 2012ರಲ್ಲಿ. ಗ್ರಾಹಕರ ಪರೀಕ್ಷೆಗೆ ಅಂತ 16 ಟಿಬಿ ಡಿಸ್ಕ್ ತಯಾರಿಸಿದ್ದು 2018ರಲ್ಲಿ. ಮೊಜಾಯಿಕ್ 3+ ಹೆಸರಿನಲ್ಲಿ ತಟ್ಟೆಗೆ 3 ಟಿಬಿ ಮೀರಿದ ಡಿಸ್ಕ್‌ಗಳನ್ನು ಪ್ರಕಟಿಸಿದ್ದು 2024ರ ಜನವರಿಯಲ್ಲಿ. ಯಾರು ಬೇಕಾದರೂ ಕೊಳ್ಳಬಹುದಾದ 30 ಟಿಬಿ ಡಿಸ್ಕ್ ಬಂದದ್ದು 2025ರ ಜುಲೈನಲ್ಲಿ.

ತಡವಾದದ್ದು ಬಾಳಿಕೆಯ ಪ್ರಶ್ನೆಯಿಂದ. ಚಿನ್ನ ಮೆತ್ತನೆಯ ಲೋಹ. ಮತ್ತೆ ಮತ್ತೆ ಕಾದರೆ ಆ ಚೂಪು ತುದಿ ದುಂಡಗಾಗಿಬಿಡುತ್ತದೆ, ಆಮೇಲೆ ಅದು ಶಕ್ತಿಯನ್ನು ಒಂದೆಡೆ ಸೇರಿಸುವುದಿಲ್ಲ. ತಟ್ಟೆಯ ಮೇಲಿನ ಜಾರುವ ಎಣ್ಣೆ ಪದರವೂ, ರಕ್ಷಣೆಯ ಇಂಗಾಲದ ಪದರವೂ ಆ ಬಿಸಿ ತಡೆಯಬೇಕು. ಲೇಸರನ್ನು ಅಕ್ಕಿಕಾಳಿಗಿಂತ ಚಿಕ್ಕ ಹೆಡ್‌ಗೆ ಕೂರಿಸಬೇಕು, ಅದೂ ಒಂದು ಡಿಸ್ಕ್‌ಗೆ 20 ಹೆಡ್. ಒಂದು ಸಲ ಬರೆದು ತೋರಿಸುವುದು ಬೇರೆ. ಐದು ವರ್ಷ ಹಗಲೂ ರಾತ್ರಿ ಬರೆಯುತ್ತದೆ ಅಂತ ಗ್ಯಾರಂಟಿ ಕೊಡುವುದು ಬೇರೆ. ಜನರ ಡೇಟಾ ನಂಬಿ ಇಡುವ ಸಾಮಾನಿಗೆ ಇಷ್ಟು ವರ್ಷ ತೆಗೆದುಕೊಂಡದ್ದು ಒಳ್ಳೆಯದೇ ಆಯಿತು.

ಮ್ಯಾಮರ್ ಅಂತ ಇನ್ನೊಂದು ಕೇಳಿದ್ದೆ. ಅದು ಬೇರೆಯಾ?

ಬೇರೆ. ಅದರಲ್ಲಿ ಬಿಸಿಯ ಬದಲು ಮೈಕ್ರೊವೇವ್ ತರಂಗದ ನೆರವು. ಹೆಡ್‌ನಲ್ಲಿ ಒಂದು ಪುಟ್ಟ ಆಸಿಲೇಟರ್ ಇದ್ದು, ಅದು ಕಣದ ಕಾಂತತೆಯನ್ನು ಅಲುಗಾಡಿಸಿ ದಿಕ್ಕು ಬದಲಿಸುವುದನ್ನು ಸುಲಭ ಮಾಡುತ್ತದೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಜಿಮ್ಮಿ ಝು ಅವರ ಸಂಶೋಧನೆ ಇದಕ್ಕೆ ಬುನಾದಿ.

ವೆಸ್ಟರ್ನ್ ಡಿಜಿಟಲ್ 2017ರಲ್ಲಿ ಇದೇ ನಮ್ಮ ದಾರಿ ಅಂತ ಜೋರಾಗಿ ಹೇಳಿತು. ಆಮೇಲೆ ಅಂಗಡಿಗೆ ತಂದದ್ದು ಮಾತ್ರ ಇಪಿಎಂಆರ್ ಅನ್ನುವ ಸರಳ ತಂತ್ರ. ಬರೆಯುವ ಹೆಡ್‌ಗೆ ಸ್ವಲ್ಪ ಹೆಚ್ಚುವರಿ ಕರೆಂಟ್ ಹರಿಸಿ ಬರವಣಿಗೆಯನ್ನು ಹೆಚ್ಚು ಕರಾರುವಾಕ್ಕು ಮಾಡುವುದು ಅಷ್ಟೇ. ಈಗ ಆ ಕಂಪನಿಯೂ ಮುಂದೆ ಹ್ಯಾಮರ್‌ಗೆ ಹೋಗುವುದಾಗಿ ಹೇಳಿದೆ. ಮ್ಯಾಮರ್ ಹೆಸರಿನಲ್ಲಿ ನಿಜಕ್ಕೂ ಡಿಸ್ಕ್ ಮಾರುತ್ತಿರುವುದು ತೋಷಿಬಾ, 2021ರ 18 ಟಿಬಿ ಡಿಸ್ಕ್‌ನಿಂದ.

ಎಸ್‌ಎಂಆರ್ ಅಂದರೆ ಏನು? ಅದನ್ನು ಕಂಡರೆ ಯಾಕೆ ಕೆಲವರಿಗೆ ಆಗುವುದಿಲ್ಲ?

ಶಿಂಗಲ್ಡ್ ಮ್ಯಾಗ್ನೆಟಿಕ್ ರೆಕಾರ್ಡಿಂಗ್. ಇದು ಹೊಸ ಲೋಹವೂ ಅಲ್ಲ, ಹೊಸ ಹೆಡ್ಡೂ ಅಲ್ಲ. ಬರೆಯುವ ಕ್ರಮ ಬೇರೆ, ಅಷ್ಟೇ.

ಬರೆಯುವ ಹೆಡ್‌ಗೆ ಅಗಲವಾದ ಟ್ರ್ಯಾಕ್ ಬೇಕು. ಓದುವ ಹೆಡ್‌ಗೆ ಕಿರಿದಾದ ಪಟ್ಟಿ ಸಾಕು. ಹಾಗಾದರೆ ಒಂದು ಟ್ರ್ಯಾಕ್ ಬರೆದು, ಅದರ ಒಂದು ಭಾಗದ ಮೇಲೇ ಮುಂದಿನ ಟ್ರ್ಯಾಕ್ ಬರೆದರೆ? ಉಳಿದ ಕಿರಿದಾದ ಪಟ್ಟಿಯನ್ನು ಓದಲು ತೊಂದರೆ ಇಲ್ಲ. ಮಂಗಳೂರು ಹೆಂಚು ಹೊದಿಸಿದ ಹಾಗೆ ಒಂದರ ಅಂಚಿನ ಮೇಲೆ ಇನ್ನೊಂದು. ಅದೇ ತಟ್ಟೆಯಲ್ಲಿ ಹೆಚ್ಚು ಟ್ರ್ಯಾಕ್ ಹಿಡಿಸುತ್ತವೆ. ವೆಸ್ಟರ್ನ್ ಡಿಜಿಟಲ್‌ನ ಅಲ್ಟ್ರಾಎಸ್‌ಎಂಆರ್‌ನಲ್ಲಿ ಸುಮಾರು 20 ಶೇಕಡಾ ಹೆಚ್ಚು ಜಾಗ ಸಿಗುತ್ತದೆ. ಸೀಗೇಟ್‌ನ 36 ಟಿಬಿ ಕೂಡ ಹ್ಯಾಮರ್ ಮೇಲೆ ಎಸ್‌ಎಂಆರ್ ಸೇರಿಸಿ ಬಂದದ್ದು.

ನಡುವಿನ ಹೆಂಚು ಬದಲಿಸಬೇಕಾದರೆ ಏನಾಗುತ್ತದೆ ಗೊತ್ತಲ್ಲ? ಇಲ್ಲೂ ಅದೇ. ಒಂದು ಟ್ರ್ಯಾಕ್ ತಿದ್ದಲು ಹೋದರೆ ಅದರ ಮೇಲೆ ಹಾದಿರುವ ಪಕ್ಕದ್ದು ಅಳಿಸಿಹೋಗುತ್ತದೆ. ಹಾಗಾಗಿ ಡಿಸ್ಕನ್ನು ಜೋನ್‌ಗಳಾಗಿ ಭಾಗ ಮಾಡಿರುತ್ತಾರೆ. ಸಾಮಾನ್ಯವಾಗಿ ಒಂದು ಜೋನ್ 256 ಎಂಬಿ. ಸ್ವಲ್ಪ ತಿದ್ದಬೇಕಿದ್ದರೂ ಇಡೀ ಜೋನ್ ಓದಿ, ಮತ್ತೆ ಬರೆಯಬೇಕು.

ಒಂದು ಸಲ ಬರೆದು ಇಡುವ ಡೇಟಾಗೆ ಇದರಿಂದ ಏನೂ ತೊಂದರೆ ಇಲ್ಲ. ಡ್ರಾಪ್‌ಬಾಕ್ಸ್ 2018ರಲ್ಲೇ ತನ್ನ ಸಂಗ್ರಹಕ್ಕೆ ಎಸ್‌ಎಂಆರ್ ಬಳಸಲು ಶುರು ಮಾಡಿತು. ಅಲ್ಲಿ ಜೋನ್‌ಗಳನ್ನು ನೋಡಿಕೊಳ್ಳುವುದು ಅವರದೇ ಸಾಫ್ಟ್‌ವೇರ್, ಎಲ್ಲ ಲೆಕ್ಕಾಚಾರ ಮಾಡಿ ಬರೆಯುತ್ತದೆ. ಮನೆಗೆ ಬರುವ ಡಿಸ್ಕ್‌ಗಳಲ್ಲಿ ಈ ಕೆಲಸವನ್ನು ಡಿಸ್ಕೇ ಒಳಗೊಳಗೆ ಮಾಡುತ್ತದೆ. ಮೊದಲು ಒಂದು ತಾತ್ಕಾಲಿಕ ಜಾಗಕ್ಕೆ ಬೇಗ ಬರೆದುಕೊಳ್ಳುತ್ತದೆ, ಬಿಡುವಾದಾಗ ಜೋಡಿಸಿ ಇಡುತ್ತದೆ. ಬಿಡುವೇ ಕೊಡದೆ ಗಂಟೆಗಟ್ಟಲೆ ಬರೆದರೆ ಆ ತಾತ್ಕಾಲಿಕ ಜಾಗ ತುಂಬುತ್ತದೆ. ಆಮೇಲೆ ವೇಗ ಧೊಪ್ಪನೆ ಬೀಳುತ್ತದೆ. 'ಕಾಪಿ ಮೊದಲು ಚೆನ್ನಾಗಿ ಹೋಗುತ್ತಿತ್ತು, ಆಮೇಲೆ ತೆವಳುತ್ತಿದೆ' ಅಂತ ಬರುವ ದೂರುಗಳಲ್ಲಿ ಎಷ್ಟೋ ಈ ಕಾರಣಕ್ಕೇ.

ನನ್ನ ಡಿಸ್ಕ್ ಎಸ್‌ಎಂಆರ್ ಹೌದೋ ಅಲ್ಲವೋ ಹೇಗೆ ಗೊತ್ತಾಗುತ್ತದೆ?

ಕಂಪನಿಯ ವೆಬ್‌ಸೈಟಿನಲ್ಲಿ ಆ ಮಾಡೆಲ್‌ನ ಡೇಟಾಶೀಟ್ ತೆಗೆಯಿರಿ. ರೆಕಾರ್ಡಿಂಗ್ ತಂತ್ರ ಅನ್ನುವ ಕಡೆ ಸಿಎಂಆರ್ ಅಥವಾ ಎಸ್‌ಎಂಆರ್ ಅಂತ ಇರುತ್ತದೆ. ಸಿಎಂಆರ್ ಅಂದರೆ ಟ್ರ್ಯಾಕ್‌ಗಳು ಒಂದರ ಮೇಲೊಂದು ಹಾಯದ ಮಾಮೂಲಿ ಕ್ರಮ. ಪೂರ್ತಿ ಮಾಡೆಲ್ ನಂಬರ್ ನೋಡಿ. ಒಂದೇ ಹೆಸರಿನ ಸರಣಿಯಲ್ಲಿ 4 ಟಿಬಿ ಒಂದು ಥರ, 8 ಟಿಬಿ ಇನ್ನೊಂದು ಥರ ಇರಬಹುದು.

ಈ ಮಾಹಿತಿ ಇಷ್ಟು ಸುಲಭವಾಗಿ ಸಿಗುವುದರ ಹಿಂದೆ ಒಂದು ಜಗಳ ಇದೆ. 2020ರಲ್ಲಿ ವೆಸ್ಟರ್ನ್ ಡಿಜಿಟಲ್‌ನ ರೆಡ್ ಸರಣಿಯ 2ರಿಂದ 6 ಟಿಬಿ ಡಿಸ್ಕ್‌ಗಳಲ್ಲಿ ಕೆಲವು ಎಸ್‌ಎಂಆರ್ ಅನ್ನುವುದು ಹೊರಬಿತ್ತು. ರೆಡ್ ಅಂದರೆ ನ್ಯಾಸ್ ಪೆಟ್ಟಿಗೆಗೆ (ಹಲವು ಡಿಸ್ಕ್ ಹಾಕಿ ನೆಟ್‌ವರ್ಕ್‌ಗೆ ಜೋಡಿಸುವ ಪೆಟ್ಟಿಗೆ) ಅಂತಲೇ ಮಾರುವ ಸರಣಿ. ನ್ಯಾಸ್‌ನಲ್ಲಿ ಒಂದು ಡಿಸ್ಕ್ ಕೆಟ್ಟು ಹೊಸದು ಹಾಕಿದಾಗ ಅದರ ಮೇಲೆ ಬಿಡುವಿಲ್ಲದೆ ಬರೆಯಬೇಕಾಗುತ್ತದೆ. ಎಸ್‌ಎಂಆರ್ ಎಡವುವುದು ಅಲ್ಲೇ. ಬಳಕೆದಾರರು ತಿರುಗಿಬಿದ್ದರು, ಅಮೆರಿಕದಲ್ಲಿ ಕೋರ್ಟಿಗೂ ಹೋದರು. ಕಂಪನಿ ಪಟ್ಟಿ ಪ್ರಕಟಿಸಿ, ಸಿಎಂಆರ್ ಡಿಸ್ಕ್‌ಗಳಿಗೆ ರೆಡ್ ಪ್ಲಸ್ ಅಂತ ಬೇರೆ ಹೆಸರಿಟ್ಟಿತು. ಸೀಗೇಟ್, ತೋಷಿಬಾ ಕೂಡ ತಮ್ಮ ಯಾವ ಮಾಡೆಲ್‌ಗಳು ಎಸ್‌ಎಂಆರ್ ಅಂತ ಹೇಳಿದವು. ಎಸ್‌ಎಂಆರ್ ತಪ್ಪು ತಂತ್ರ ಅಲ್ಲ. ಹೇಳದೆ ಮಾರಿದ್ದು ತಪ್ಪು.

ಬರೆಯುವುದಾಯಿತು, ಅಷ್ಟು ಸಣ್ಣ ಬಿಟ್ ಓದುವುದು ಹೇಗೆ?

ಅದೂ ಒಂದು ದೊಡ್ಡ ಸಾಧನೆ. ಆಲ್ಬರ್ಟ್ ಫರ್ಟ್ ಮತ್ತು ಪೀಟರ್ ಗ್ರುನ್‌ಬರ್ಗ್ 1988ರಲ್ಲಿ ಬೇರೆ ಬೇರೆಯಾಗಿ ಕಂಡುಹಿಡಿದ ಜೈಂಟ್ ಮ್ಯಾಗ್ನೆಟೊರೆಸಿಸ್ಟೆನ್ಸ್ ಇದಕ್ಕೆ ಬಾಗಿಲು ತೆರೆಯಿತು. ಅತಿ ತೆಳು ಲೋಹದ ಪದರಗಳಲ್ಲಿ ಸಣ್ಣ ಕಾಂತಕ್ಷೇತ್ರಕ್ಕೂ ವಿದ್ಯುತ್ ರೋಧ ಗಣನೀಯವಾಗಿ ಬದಲಾಗುತ್ತದೆ ಅನ್ನುವುದು ಅದರ ಸಾರ. 1997ರಲ್ಲಿ ಐಬಿಎಂ ಅದನ್ನು ಡಿಸ್ಕ್‌ನ ಹೆಡ್‌ಗೆ ತಂದಿತು. 2007ರಲ್ಲಿ ಇಬ್ಬರಿಗೂ ಭೌತವಿಜ್ಞಾನದ ನೊಬೆಲ್ ಬಂತು. ಈಗಿನ ಹೆಡ್‌ಗಳಲ್ಲಿ ಅದರ ಮುಂದಿನ ರೂಪ ಇದೆ. ಹೊಸ ದೊಡ್ಡ ಡಿಸ್ಕ್‌ಗಳಲ್ಲಿ ಒಂದೇ ಹೆಡ್‌ನಲ್ಲಿ ಓದುವ ಸೆನ್ಸರ್‌ಗಳು ಎರಡು. ಎರಡರ ಸಂಕೇತ ಹೋಲಿಸಿ ಪಕ್ಕದ ಟ್ರ್ಯಾಕ್‌ನ ಗದ್ದಲವನ್ನು ಬೇರೆ ಮಾಡುತ್ತಾರೆ. ಉಳಿದ ತಪ್ಪುಗಳನ್ನು ಡಿಸ್ಕ್‌ನ ಚಿಪ್ ಗಣಿತದಿಂದ ಸರಿಪಡಿಸುತ್ತದೆ.

ಜಾಗ ಇಷ್ಟು ಹೆಚ್ಚಾದರೆ ವೇಗವೂ ಅಷ್ಟೇ ಹೆಚ್ಚಾಗುತ್ತದಾ?

ಇಲ್ಲ. ನನ್ನನ್ನು ಅತಿ ಹೆಚ್ಚು ಚಿಂತೆಗೆ ಹಚ್ಚುವ ವಿಷಯ ಇದೇ.

ಲೆಕ್ಕ ಹಾಕಿ ನೋಡಿ. 2007ರ 1 ಟಿಬಿ ಡಿಸ್ಕ್ ಸೆಕೆಂಡಿಗೆ 80 ಎಂಬಿ ಸುತ್ತಮುತ್ತ ಕೊಡುತ್ತಿತ್ತು. ಪೂರ್ತಿ ಓದಲು ಮೂರೂವರೆ ಗಂಟೆ. ಈಗಿನ ದೊಡ್ಡ ಡಿಸ್ಕ್ ಹೊರಗಿನ ಟ್ರ್ಯಾಕ್‌ಗಳಲ್ಲಿ ಸೆಕೆಂಡಿಗೆ ಸುಮಾರು 270 ಎಂಬಿ ಕೊಡುತ್ತದೆ. ಅದೇ ವೇಗ ಕೊನೆಯವರೆಗೂ ಸಿಕ್ಕರೂ 36 ಟಿಬಿ ಓದಲು 37 ಗಂಟೆ ಬೇಕು. ಸಿಗುವುದಿಲ್ಲ, ಯಾಕೆಂದರೆ ಒಳಗಿನ ಟ್ರ್ಯಾಕ್‌ಗಳು ಚಿಕ್ಕವು, ಅಲ್ಲಿ ವೇಗ ಅರ್ಧದ ಹತ್ತಿರ. ಎರಡು ದಿನ ಅಂತ ಇಟ್ಟುಕೊಳ್ಳಿ. ಜಾಗ 36 ಪಟ್ಟು ಬೆಳೆಯಿತು, ವೇಗ ಮೂರೂವರೆ ಪಟ್ಟು ದಾಟಲಿಲ್ಲ.

ಇದಕ್ಕೆ ಕಾರಣ ಇದೆ. ಹೆಡ್ ಓದುವುದು ಒಂದು ಸಲಕ್ಕೆ ಒಂದು ಟ್ರ್ಯಾಕ್. ಟ್ರ್ಯಾಕ್‌ಗಳನ್ನು ಹತ್ತಿರ ತಂದರೆ, ತಟ್ಟೆ ಹೆಚ್ಚಿಸಿದರೆ ಜಾಗ ಬೆಳೆಯುತ್ತದೆ. ಟ್ರ್ಯಾಕ್ ಉದ್ದಕ್ಕೂ ಬಿಟ್‌ಗಳು ಒತ್ತಾದರೆ ಮಾತ್ರ ವೇಗ ಬೆಳೆಯುತ್ತದೆ. ಇನ್ನು ಅಲ್ಲೊಂದು ಇಲ್ಲೊಂದು ಸಣ್ಣ ಫೈಲ್ ಹುಡುಕುವ ವೇಗವಂತೂ ನಿಂತಲ್ಲೇ ನಿಂತಿದೆ. ತಟ್ಟೆ ಈಗಲೂ 7200 ಸುತ್ತೇ ತಿರುಗುತ್ತದೆ, ತೋಳು ಅದೇ ಮಿಲಿಸೆಕೆಂಡ್‌ಗಳಲ್ಲೇ ಓಡಾಡುತ್ತದೆ.

ಸೀಗೇಟ್ ಇದಕ್ಕೆ ಎರಡು ತೋಳಿನ ಡಿಸ್ಕ್ ಮಾಡಿದೆ. ಹೆಸರು ಮ್ಯಾಕ್.2. ಅರ್ಧ ತಟ್ಟೆಗಳಿಗೆ ಒಂದು ತೋಳು, ಉಳಿದ ಅರ್ಧಕ್ಕೆ ಇನ್ನೊಂದು. ಸೆಕೆಂಡಿಗೆ 500 ಎಂಬಿ ಸುತ್ತಮುತ್ತ ಬರುತ್ತದೆ. ಆದರೆ ಮನೆ ಬಳಕೆಗೆ ಅದು ಬಂದಿಲ್ಲ.

ಒಂದು ಡಿಸ್ಕ್ ಕೆಟ್ಟಾಗ ಅದರ ಜಾಗಕ್ಕೆ ಹೊಸದನ್ನು ತುಂಬಿಸಲು ಎರಡು ದಿನ ಬೇಕಾದರೆ, ಆ ಎರಡು ದಿನ ಉಳಿದ ಡಿಸ್ಕ್‌ಗಳು ಕೆಡಬಾರದು. ದೊಡ್ಡ ಡಿಸ್ಕ್‌ಗಳ ನ್ಯಾಸ್ ಕಟ್ಟುವವರು ಒಂದರ ಬದಲು ಎರಡು ಡಿಸ್ಕ್ ಕೆಟ್ಟರೂ ತಡೆಯುವ ವ್ಯವಸ್ಥೆಯನ್ನೇ ಮಾಡಿಕೊಳ್ಳಿ. ಅಂದರೆ ರೇಡ್ 6 ಅಥವಾ ಅಂಥದ್ದು.

ಬ್ಯಾಗಿನಲ್ಲಿ ಇಟ್ಟುಕೊಳ್ಳುವ ಪೋರ್ಟಬಲ್ ಡಿಸ್ಕ್ ಯಾಕೆ 5 ಟಿಬಿಯಲ್ಲೇ ನಿಂತಿದೆ?

2016ರಲ್ಲಿ 5 ಟಿಬಿ ಬಂತು. 6 ಟಿಬಿ ಬರಲು 2024 ಆಯಿತು. ಆ ಎರಡೂವರೆ ಇಂಚಿನ ಡಿಸ್ಕ್‌ಗಳಲ್ಲಿ ತಟ್ಟೆ ಚಿಕ್ಕದು, ಹೀಲಿಯಂ ಇಲ್ಲ, ಹ್ಯಾಮರ್ ಇಲ್ಲ. ಆ ಮಾರುಕಟ್ಟೆ ಎಸ್‌ಎಸ್‌ಡಿ ಕಡೆ ಜಾರುತ್ತಿದೆ, ಕಂಪನಿಗಳು ಅಲ್ಲಿ ದುಡ್ಡು ಹಾಕುತ್ತಿಲ್ಲ. ಈ ದೊಡ್ಡ ಪೋರ್ಟಬಲ್ ಡಿಸ್ಕ್‌ಗಳು ಎಸ್‌ಎಂಆರ್. ಮದುವೆ ವಿಡಿಯೊ ಎಡಿಟ್ ಮಾಡುವವರು ನೇರವಾಗಿ ಇದರ ಮೇಲೇ ಕೆಲಸ ಮಾಡಬೇಡಿ. ಎಸ್‌ಎಸ್‌ಡಿಯಲ್ಲಿ ಕೆಲಸ ಮುಗಿಸಿ, ಮುಗಿದದ್ದನ್ನು ಇದಕ್ಕೆ ಹಾಕಿ ಇಡಿ.

8 ಟಿಬಿ ಕೊಂಡರೆ ಕಂಪ್ಯೂಟರ್ 7.27 ತೋರಿಸುತ್ತಿದೆ. ಮೋಸ ಅಲ್ವಾ?

ಮೋಸ ಅಲ್ಲ. ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ. ಬೈಟ್‌ಗಳು ಅಷ್ಟೇ ಇವೆ.

ದೊಡ್ಡ ಡಿಸ್ಕ್ ಹಳೆಯ ಕಂಪ್ಯೂಟರ್‌ಗೆ ಆಗುತ್ತದಾ?

ಹೆಚ್ಚಾಗಿ ಆಗುತ್ತದೆ. ಡಿಸ್ಕನ್ನು ಕಂಪ್ಯೂಟರ್‌ಗೆ ಜೋಡಿಸುವ ಸಾಟಾ ಕೇಬಲ್ ಅದೇ. ಎರಡು ಕಡೆ ಜನ ಸಿಕ್ಕಿಬೀಳುತ್ತಾರೆ. ಪಾರ್ಟಿಷನ್ ಮಾಡುವಾಗ, ಅಂದರೆ ಡಿಸ್ಕನ್ನು ಭಾಗ ಮಾಡುವಾಗ, ಎಂಬಿಆರ್ ಅನ್ನುವ ಹಳೆಯ ಕ್ರಮ ಆರಿಸಿದರೆ 2.2 ಟಿಬಿಗಿಂತ ಹೆಚ್ಚು ಬಳಸಲು ಬರುವುದಿಲ್ಲ, ಹೊಸ ಕ್ರಮವಾದ ಜಿಪಿಟಿ ಆರಿಸಿ. ಇನ್ನೊಂದು, ಹಳೆಯ ಪವರ್ ಸಪ್ಲೈಗೆ ಸಿಕ್ಕಿಸಿದಾಗ ಕೆಲವು ಹೊಸ ಡಿಸ್ಕ್‌ಗಳು ತಿರುಗುವುದೇ ಇಲ್ಲ. ಕೆಟ್ಟಿದೆ ಅಂದುಕೊಂಡು ಅಂಗಡಿಗೆ ಓಡಬೇಡಿ. ಹೊಸ ಸಾಟಾ ನಿಯಮದಲ್ಲಿ ಪವರ್ ಕನೆಕ್ಟರ್‌ನ ಮೂರನೇ ಪಿನ್‌ಗೆ ಕರೆಂಟ್ ಬಂದರೆ 'ಆಫ್ ಆಗು' ಅಂತ ಅರ್ಥ. ಹಳೆಯ ಸಪ್ಲೈ ಆ ಪಿನ್‌ಗೆ ಸದಾ 3.3 ವೋಲ್ಟ್ ಕೊಡುತ್ತಿರುತ್ತದೆ. ಮೋಲೆಕ್ಸ್‌ನಿಂದ (ನಾಲ್ಕು ಪಿನ್‌ನ ಹಳೆಯ ಪವರ್ ಕನೆಕ್ಟರ್) ಸಾಟಾಗೆ ಬದಲಿಸುವ ಅಡಾಪ್ಟರ್ ಹಾಕಿದರೆ ಸರಿಹೋಗುತ್ತದೆ. ಕಳಪೆ ಅಡಾಪ್ಟರ್‌ಗಳು ಕಾದು ಕರಗಿದ್ದೂ ಇದೆ, ಒಳ್ಳೆಯದನ್ನೇ ತನ್ನಿ.

ಮನೆಗೆ 30 ಟಿಬಿ ಹ್ಯಾಮರ್ ಡಿಸ್ಕ್ ಕೊಳ್ಳಬಹುದಾ?

ಕೊಳ್ಳಬಹುದು. ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಇದರ ಇನ್ನೊಂದು ಪ್ರತಿ ಎಲ್ಲಿ ಇಡುತ್ತೀರಿ? 30 ಟಿಬಿ ಡಿಸ್ಕ್‌ಗೆ ಬ್ಯಾಕಪ್ ಬೇಕಾದರೆ ಇನ್ನೊಂದು 30 ಟಿಬಿ ಬೇಕು. ಒಂದಕ್ಕೇ ದುಡ್ಡು ಇದ್ದರೆ, ಅರ್ಧ ಗಾತ್ರದ ಎರಡು ಸಿಎಂಆರ್ ಡಿಸ್ಕ್ ಕೊಂಡು ಒಂದನ್ನು ಬೇರೆ ಮನೆಯಲ್ಲಿ ಇಡಿ ಅಂತ ನಾನು ಹೇಳುತ್ತೇನೆ. ಮಕ್ಕಳ ಫೋಟೊ, ಅಜ್ಜಿಯ ದನಿ, ಜಮೀನಿನ ಕಾಗದದ ಸ್ಕ್ಯಾನ್ ಇವೆಲ್ಲ ಒಂದೇ ಡಿಸ್ಕ್‌ನಲ್ಲಿ ಇಟ್ಟು ಕಳೆದುಕೊಂಡವರನ್ನು ನೋಡಿದ್ದೇನೆ. ಡಿಸ್ಕ್ ಹೊಸದೋ ಹಳೆಯದೋ, ಹ್ಯಾಮರ್ರೋ ಅಲ್ಲವೋ, ಅದು ಒಂದು ದಿನ ಕೆಡುತ್ತದೆ.

ಗ್ಯಾರಂಟಿ ಐದು ವರ್ಷ ಅಂದರೆ ಐದು ವರ್ಷದೊಳಗೆ ಕೆಟ್ಟರೆ ಬೇರೆ ಡಿಸ್ಕ್ ಕೊಡುತ್ತಾರೆ, ಅಷ್ಟೇ. ನಿಮ್ಮ ಡೇಟಾ ಅವರು ಕೊಡುವುದಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೊಂಡರೂ ಆನ್‌ಲೈನ್‌ನಲ್ಲಿ ತರಿಸಿದರೂ ಸೀರಿಯಲ್ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ಭಾರತದಲ್ಲಿ ಗ್ಯಾರಂಟಿ ಇದೆಯಾ ನೋಡಿ. ಸ್ಮಾರ್ಟ್ ವರದಿಯಲ್ಲಿ ಎಷ್ಟು ಗಂಟೆ ಓಡಿದೆ ಅನ್ನುವುದನ್ನೂ ನೋಡಿ. ಹೊಸ ಡಿಸ್ಕ್ ಸಾವಿರಾರು ಗಂಟೆ ಓಡಿರಬಾರದು.

ಮುಂದೆ ಏನು ಬರುತ್ತದೆ?

ಹತ್ತಿರದಲ್ಲಿ ಕಾಣುವುದು ಹ್ಯಾಮರ್‌ನದೇ ಬೆಳವಣಿಗೆ. ತಟ್ಟೆಗೆ 4 ಟಿಬಿ, 5 ಟಿಬಿ, ಆಮೇಲೆ 10 ಟಿಬಿ ಅನ್ನುವುದು ಸೀಗೇಟ್‌ನ ಗುರಿ. 10 ತಟ್ಟೆ ಅಂತ ಲೆಕ್ಕ ಹಾಕಿದರೆ ಅದು 100 ಟಿಬಿ ಡಿಸ್ಕ್.

ಅದರಾಚೆ ಎರಡು ದಾರಿ ಪ್ರಯೋಗಾಲಯದಲ್ಲಿವೆ. ಒಂದು, ಕಣಗಳನ್ನು ಎರಚಿದಂತೆ ಹರಡುವ ಬದಲು ಒಂದೊಂದು ಬಿಟ್‌ಗೂ ಒಂದೊಂದು ದ್ವೀಪವನ್ನು ಕೆತ್ತಿ ಇಡುವುದು. ಕೇಳಲು ಸರಳ. ಇಡೀ ತಟ್ಟೆಯ ಮೇಲೆ ಹತ್ತು ನ್ಯಾನೊಮೀಟರ್ ಲೆಕ್ಕದಲ್ಲಿ ಕೆತ್ತುವುದು, ಅದೂ ಡಿಸ್ಕ್ ಮಾರುವ ಬೆಲೆಯಲ್ಲಿ, ಇನ್ನೂ ಯಾರಿಗೂ ಆಗಿಲ್ಲ.

ಇನ್ನೊಂದು ನನಗೆ ಹೆಚ್ಚು ಕುತೂಹಲದ್ದು. ಜಪಾನಿನ ಎನ್‌ಐಎಂಎಸ್ ಅನ್ನುವ ವಸ್ತುವಿಜ್ಞಾನ ಸಂಶೋಧನಾ ಸಂಸ್ಥೆ, ತೊಹೊಕು ವಿಶ್ವವಿದ್ಯಾಲಯ ಮತ್ತು ಸೀಗೇಟ್ ಸೇರಿ 2024ರಲ್ಲಿ ಒಂದರ ಮೇಲೊಂದು ಎರಡು ಪದರದಲ್ಲಿ ಬರೆಯುವ ಸಾಧ್ಯತೆಯನ್ನು ತೋರಿಸಿದರು. ಎರಡೂ ಕಬ್ಬಿಣ-ಪ್ಲಾಟಿನಂ ಪದರ, ನಡುವೆ ರುಥೇನಿಯಂ. ಹಿಡಿತ ಸಡಿಲವಾಗುವ ಬಿಸಿ ಎರಡಕ್ಕೂ ಬೇರೆ ಬೇರೆ ಇರುವಂತೆ ಮಾಡಿದ್ದಾರೆ. ಜೋರಾಗಿ ಕಾಯಿಸಿದರೆ ಎರಡರ ಮೇಲೂ ಬರೆಯಬಹುದು, ಸ್ವಲ್ಪ ಕಡಿಮೆ ಕಾಯಿಸಿದರೆ ಒಂದರ ಮೇಲೆ ಮಾತ್ರ. ಲೇಸರ್‌ನ ಶಕ್ತಿ ಏರಿಳಿಸಿಯೇ ಪದರ ಆರಿಸಬಹುದು. ಇದು ಅಂಗಡಿಗೆ ಬರಲು ಎಷ್ಟು ವರ್ಷ ಹಿಡಿಯುತ್ತದೆ ಅನ್ನುವುದಕ್ಕೆ ಇವಾಸಾಕಿ ಅವರ ಮೂವತ್ತು ವರ್ಷವನ್ನು ಒಮ್ಮೆ ಲೆಕ್ಕಕ್ಕೆ ತೆಗೆದುಕೊಳ್ಳಿ. ಹ್ಯಾಮರ್ ತಟ್ಟೆ, ಹ್ಯಾಮರ್ ಹೆಡ್ ಈಗಾಗಲೇ ಕಾರ್ಖಾನೆಯಲ್ಲಿ ತಯಾರಾಗುತ್ತಿರುವುದರಿಂದ ಈ ಸಲ ಅಷ್ಟು ಹಿಡಿಯಲಾರದು ಅಂತ ನನಗೆ ಅನಿಸುತ್ತದೆ.